ಸಂಕಲ್ಪವೂ ಅದರ ಲೋಪವೂ

ವಿಶ್ವಾವಸು ಸಂವತ್ಸರವು ಕಳೆದು, ೨೦೨೬ನೆಯ ಇಸವಿ ಮಾರ್ಚಿ ೧೯ರಂದು ಪರಾಭವ ಸಂವತ್ಸರವು ಪ್ರವೇಶಿಸಿದೆ. ಬೇವುಬೆಲ್ಲದ ಸೇವನೆಯೂ ಪಂಚಾಂಗಶ್ರವಣವೂ ಮುಗಿದಮೇಲೆ, ಹಿಂದಿನ ಯುಗಾದಿಯ ದಿನ ದಿನಚರಿಯಲ್ಲಿ ಬರೆದಿಟ್ಟಿದ್ದ ನನ್ನ ಮೂರು ಸಂಕಲ್ಪಗಳನ್ನು ತೆಗೆದು ನೋಡಿದೆನು. ನಲವತ್ತು ವರ್ಷಗಳ ಹತ್ತಿರ ಪರರ ಉತ್ತರಪತ್ರಿಕೆಗಳನ್ನು ತಿದ್ದಿದವನು, ನಿವೃತ್ತನಾದಮೇಲೆ ವರ್ಷಕ್ಕೊಮ್ಮೆಯಾದರೂ ತನ್ನದನ್ನು ತಾನು ತಿದ್ದಿಕೊಳ್ಳಬೇಕಷ್ಟೆ.

ಮೊದಲನೆಯದು, ಸೂರ್ಯೋದಯಕ್ಕೆ ಮುಂಚೆ ಎದ್ದು ದಿನಕ್ಕೊಂದು ಸರ್ಗದಂತೆ ವಾಲ್ಮೀಕಿರಾಮಾಯಣವನ್ನು ಪಾರಾಯಣ ಮಾಡುವುದು. ಜ್ವರದಿಂದ ಮಲಗಿದ್ದ ಕೆಲವು ದಿನಗಳನ್ನು ಬಿಟ್ಟರೆ ಇದು ನಡೆಯಿತು. ಈಗ ಸುಂದರಕಾಂಡವನ್ನು ಪ್ರವೇಶಿಸಿದ್ದೇನೆ. ಎರಡನೆಯದು, ಮನೆಯವರೊಡನೆ ಕಟುವಾಗಿ ಮಾತನಾಡದಿರುವುದು. ಇದು ಅರ್ಧಭಾಗ ನಡೆಯಿತೆಂದು ನಾನು ಹೇಳುತ್ತೇನೆ. ಮನೆಯವರು ಅಷ್ಟನ್ನೂ ಒಪ್ಪಲಾರರು. ಮೂರನೆಯದು, ಒಬ್ಬ ಹಳೆಯ ಶಿಷ್ಯನ ಮುಂದೆ ನಿಂತು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುವುದು. ಇದು ನಡೆಯಲೇ ಇಲ್ಲ.

ಪಂಚಾಂಗಶ್ರವಣಕ್ಕೆ ಬಂದಿದ್ದ ಸ್ನೇಹಿತರೊಬ್ಬರು, “ಪರಾಭವವೆಂದರೆ ಸೋಲು. ಈ ವರ್ಷ ಸಂಕಲ್ಪಗಳ ಗೊಡವೆಯೇ ಬೇಡ ಮೇಷ್ಟ್ರೇ” ಎಂದು ನಕ್ಕರು. ನಾನು ಅವರಿಗೆ ನಮ್ಮ ಸೀಮೆಯವರೇ ಆದ ತೀ. ನಂ. ಶ್ರೀಕಂಠಯ್ಯನವರನ್ನು ಜ್ಞಾಪಿಸಿದೆನು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ಆ ವಿದ್ವಾಂಸರು ಹುಟ್ಟಿದ್ದು ೧೯೦೬ರಲ್ಲಿ, ಪರಾಭವ ಸಂವತ್ಸರದಲ್ಲಿ. ತೀರಿಕೊಂಡದ್ದು ೧೯೬೬ರಲ್ಲಿ, ಅರವತ್ತು ವರ್ಷಗಳ ಚಕ್ರವು ತಿರುಗಿ ಮತ್ತೆ ಬಂದ ಪರಾಭವದಲ್ಲಿ. ಆ ಎರಡರ ನಡುವೆಯೇ ‘ಭಾರತೀಯ ಕಾವ್ಯಮೀಮಾಂಸೆ’ಯು ಕನ್ನಡಕ್ಕೆ ಲಭಿಸಿತು. ಸಂವತ್ಸರದ ಹೆಸರಿನಿಂದ ಸೋಲೂ ಬಾರದು, ಗೆಲವೂ ಬಾರದು. ನನ್ನ ಸೋಲಾದರೋ ವಿಶ್ವಾವಸುವೆಂಬ ಸೊಗಸಾದ ಹೆಸರಿನ ವರ್ಷದಲ್ಲಿಯೇ ಆಗಿಹೋಗಿದೆ.

ಆ ತಪ್ಪೇನೆಂಬುದನ್ನು ಮರೆಮಾಚದೆ ಹೇಳುವೆನು. ೧೯೯೦ರ ದಶಕದಲ್ಲಿ ನಾನು ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ, ಮಕ್ಕಳು ಪ್ರವಾಸಕ್ಕೆಂದು ತಂದುಕೊಟ್ಟಿದ್ದ ಹಣವು ಮೇಜಿನ ಖಾನೆಯಲ್ಲಿ ಕಾಣದೆ ಹೋಯಿತು. ಮಧ್ಯಾಹ್ನದ ಬಿಡುವಿನಲ್ಲಿ ಕೊಠಡಿಯೊಳಗೆ ಒಬ್ಬನೇ ಕುಳಿತಿದ್ದ ಹುಡುಗನೊಬ್ಬನ ಕಡೆಗೆ ನನ್ನ ಸಂಶಯವು ತಿರುಗಿತು. ಅವನು ಬಡವರ ಮನೆಯವನು; ಸಂಶಯಕ್ಕೆ ಇದ್ದ ಆಧಾರವು ಬಹುಮಟ್ಟಿಗೆ ಅದೊಂದೇ ಎಂದು ಈಗ ನಾಚಿಕೆಯಿಂದ ಒಪ್ಪುತ್ತೇನೆ. ತರಗತಿಯೆಲ್ಲರ ಎದುರಿಗೆ ಅವನನ್ನು ನಿಲ್ಲಿಸಿ, ಚೀಲವನ್ನು ಕೊಡವಿಸಿದೆನು. ಏನೂ ಸಿಕ್ಕಲಿಲ್ಲ. ಆದರೂ ಕಳ್ಳನೆಂದೇ ಕರೆದೆನು. ನಾಲ್ಕು ದಿನಗಳಮೇಲೆ ಆ ಹಣವು ನನ್ನ ಮನೆಯಲ್ಲಿಯೇ, ನನ್ನ ಅಮರಕೋಶದ ಹಾಳೆಗಳ ನಡುವೆ, ನಾನೇ ಮಡಿಸಿಟ್ಟಿದ್ದಂತೆ ದೊರೆಯಿತು. ಅದನ್ನು ಸದ್ದಿಲ್ಲದೆ ಲೆಕ್ಕಕ್ಕೆ ಸೇರಿಸಿದೆನು. ಎಲ್ಲಿ ಸಿಕ್ಕಿತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಡುಗನು ಅಷ್ಟರಲ್ಲಿ ಶಾಲೆಗೆ ಬರುವುದನ್ನು ನಿಲ್ಲಿಸಿದ್ದನು. ತೋಟದ ಕೆಲಸಕ್ಕಾಗಿ ಓದು ಬಿಡುತ್ತಿದ್ದ ಹುಡುಗರು ಆಗ ಅನೇಕರು. ಇವನೂ ಅವರಲ್ಲೊಬ್ಬನೆಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾದೆನು.

ಈಗ ಅವನು ನಡುವಯಸ್ಸಿನ ಸಂಸಾರಿ. ಕಾಯಿ ಸುಲಿಯುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾದವನು. ಕಳೆದ ವರ್ಷದಲ್ಲಿ ಮೂರು ಸಲ ಎದುರಾದನು. ಮೂರು ಸಲವೂ ತಲೆಯ ಮೇಲಿನ ವಸ್ತ್ರವನ್ನು ತೆಗೆದು, “ಚೆನ್ನಾಗಿದ್ದೀರಾ ಮೇಷ್ಟ್ರೇ?” ಎಂದು ಕೇಳಿದನು. ಮೂರು ಸಲವೂ ನಾನು, “ಚೆನ್ನಾಗಿದ್ದೇನಪ್ಪಾ, ಕೊಬ್ಬರಿಯ ಧಾರಣೆ ಹೇಗಿದೆ?” ಎಂದು ಕೇಳಿದೆನು. ಧಾರಣೆಯ ಮಾತಿಗೇನೋ ಕೊರತೆಯಿರಲಿಲ್ಲ. ೨೦೨೫ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ೧೨,೧೦೦ ರೂಪಾಯಿಗಳ ಬೆಂಬಲಬೆಲೆಯನ್ನು ಸರ್ಕಾರವು ಗೊತ್ತುಮಾಡಿದ್ದರೆ, ತಿಪಟೂರಿನ ಪೇಟೆಯಲ್ಲಿ ಬೆಲೆಯು ಅದನ್ನು ಬಹಳ ಮೀರಿ ಏರಿತ್ತು. ಊರೆಲ್ಲ ಆಡುತ್ತಿದ್ದ ಆ ಮಾತಿನ ಮರೆಯಲ್ಲಿ ನನ್ನ ಮಾತು ಅಡಗಿಕೊಂಡಿತು.

ಅಡಗಿಕೊಂಡದ್ದಕ್ಕೆ ಕಾರಣಗಳೂ ಇದ್ದುವು. ಅವನು ಮರೆತಿರಬಹುದು, ಆರಿದ ಗಾಯವನ್ನು ಕೆದಕುವುದು ಹಿಂಸೆಯಲ್ಲವೆ? ಗುರುವೆಂಬ ಗೌರವವನ್ನು ಇಷ್ಟು ಕಾಲ ಇಟ್ಟುಕೊಂಡಿರುವವನಿಂದ ಅದನ್ನು ಕಸಿಯುವುದು ಸರಿಯೆ? ಈ ವಾದಗಳು ಅಹಿಂಸೆಯ ವೇಷವನ್ನೂ ಪರಹಿತದ ವೇಷವನ್ನೂ ಧರಿಸಿಯೇ ಬಂದುವು. ನಿಧಾನವಾಗಿ ಪರೀಕ್ಷಿಸಿದಾಗ ಒಂದೊಂದಾಗಿ ವೇಷ ಕಳಚಿತು. ಅವನು ಮರೆತಿದ್ದರೆ ಕೇಳುವುದರಿಂದ ಅವನಿಗೆ ನಷ್ಟವೇನೂ ಇಲ್ಲ. ಮರೆಯದಿದ್ದರೆ ಕೇಳುವ ಹಕ್ಕು ಅವನದು. ನಷ್ಟವಾಗಬಹುದಾದದ್ದು ನನಗೊಬ್ಬನಿಗೆ; ಅದೂ, ನನ್ನನ್ನು ಕಂಡಾಗ ಆ ವಸ್ತ್ರವು ತಲೆಯಿಂದ ಇಳಿಯುವ ಮರ್ಯಾದೆಯೊಂದು ಮಾತ್ರ. ಶಾಸ್ತ್ರವನ್ನು ಓದಿದವನಿಗೆ ತನ್ನನ್ನು ತಾನು ವಂಚಿಸಿಕೊಳ್ಳುವುದಕ್ಕೆ ಓದದವನಿಗಿಂತ ಹೆಚ್ಚಿನ ಸಾಮಗ್ರಿಯಿರುವುದು.

ಹಾಗಾದರೆ ಒಂದು ಸಂಕಲ್ಪವು ನಡೆದು ಮತ್ತೊಂದು ನಡೆಯದೆ ಹೋದದ್ದೇಕೆ? ಕರ್ಮಾರಂಭದಲ್ಲಿ ನಮ್ಮ ಹಿರಿಯರು ಮಾಡುತ್ತಿದ್ದ ಸಂಕಲ್ಪದ ರೀತಿಯನ್ನು ಗಮನಿಸಬೇಕು. ಮೊದಲು ಕಲ್ಪ, ಮನ್ವಂತರ, ಯುಗಗಳನ್ನೂ, ಆಮೇಲೆ ದೇಶವನ್ನೂ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನೂ ಹೇಳಿ, ತನ್ನ ಗೋತ್ರವನ್ನೂ ಹೆಸರನ್ನೂ ಹೇಳಿ, ಕಡೆಗೆ ಮಾಡತಕ್ಕ ಕರ್ಮವನ್ನು ಹೇಳಿ ಕೈಯಿಂದ ನೀರು ಬಿಡುವುದುಂಟು. ಬಾಲ್ಯದಲ್ಲಿ ಇದು ನಮಗೆ ಬರಿಯ ಬಾಯಿಪಾಠವಾಗಿತ್ತು. ಈಗ ಅದರ ಅಭಿಪ್ರಾಯವು ತಿಳಿಯುತ್ತದೆ. ಎಲ್ಲಿ, ಯಾವ ದಿನ, ಯಾರು, ಏನನ್ನು ಮಾಡುವರೆಂಬುದು ಗೊತ್ತಾಗದೆ ಸಂಕಲ್ಪವಿಲ್ಲ. ನನ್ನ ಪಾರಾಯಣಕ್ಕೆ ಹೊತ್ತೂ ಮಣೆಯೂ ಪುಸ್ತಕವೂ ಗೊತ್ತಾಗಿದ್ದುವು. ಮೂರನೆಯದನ್ನಾದರೋ “ಅನುಕೂಲವಾದ ದಿನ ಅವನನ್ನು ಕಂಡು” ಎಂದು ಬರೆದಿದ್ದೆನು. ಅದು ಸಂಕಲ್ಪವಲ್ಲ, ಬರಿಯ ಇಚ್ಛೆ. ಅನುಕೂಲವಾದ ದಿನವೆಂಬುದು ಯಾವ ಪಂಚಾಂಗದಲ್ಲಿಯೂ ಇಲ್ಲ.

ಇನ್ನೊಂದು ಮಾತೂ ಉಂಟು. ನೆರವೇರಿದ ಸಂಕಲ್ಪದಿಂದಲೂ ಕೇಡಾಗಬಹುದು. ಭೀಷ್ಮನಷ್ಟು ಕಠಿನವಾದ ಪ್ರತಿಜ್ಞೆಯನ್ನು ಮಾಡಿ ಅಷ್ಟು ನಿಷ್ಠೆಯಿಂದ ನಡಸಿದವರಿಲ್ಲ. ಅಂಥವನು ತುಂಬಿದ ಸಭೆಯಲ್ಲಿ ದ್ರೌಪದಿಯು ನ್ಯಾಯವನ್ನು ಕೇಳಿದಾಗ, ಧರ್ಮವು ಸೂಕ್ಷ್ಮವೆಂದು ಹೇಳಿ ನಿರ್ಣಯ ಕೊಡದೆ ಹೋದನು. ತನ್ನ ವ್ರತವು ಭಂಗವಾಗಲಿಲ್ಲವೆಂಬ ತೃಪ್ತಿಯು ಎದುರಿಗಿರುವವರ ದುಃಖವನ್ನು ಮರೆಸುವುದಾದರೆ ಆ ವ್ರತದಿಂದ ಏನು ಬಂತು? ಅವನ ದೊಡ್ಡತನವು ನನಗಿಲ್ಲ. ಮೌನವೊಂದರಲ್ಲಿ ಮಾತ್ರ ಹೋಲಿಕೆಯುಂಟು. ಪ್ರತಿದಿನವೂ ನಸುಕಿನಲ್ಲಿ ಎದ್ದು ಸರ್ಗವನ್ನು ಮುಗಿಸಿದಾಗ, ಈ ದಿನದ ಧರ್ಮವು ಸಂದಿತೆಂಬ ಸಮಾಧಾನವುಂಟಾಗುತ್ತಿತ್ತು. ಆ ಸಮಾಧಾನವೇ ಮೂರನೆಯದನ್ನು ಮುಂದಕ್ಕೆ ತಳ್ಳುವುದಕ್ಕೆ ಸಹಾಯಮಾಡಿತು.

ಮುರಿದ ಸಂಕಲ್ಪವು ಸುಳ್ಳಿಗೆ ಸಮಾನವೇ, ಮುರಿಯುವುದಕ್ಕಿಂತ ಮಾಡದಿರುವುದೇ ಮೇಲೇ ಎಂದು ಕೆಲವರು ಕೇಳುವರು. ಹಾಗೆ ತೋರುವುದಿಲ್ಲ. ಪ್ರತಿಯೊಂದು ಕರ್ಮದ ಕೊನೆಯಲ್ಲಿಯೂ, ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಬಂದಿರಬಹುದಾದ ನ್ಯೂನತೆಯು ತುಂಬಲೆಂದು ಪ್ರಾರ್ಥಿಸುವ ವಾಡಿಕೆಯನ್ನು ಪೂರ್ವಿಕರು ಇಟ್ಟಿದ್ದಾರೆ. ಲೋಪವಾಗುವುದು ಅವರಿಗೆ ಮೊದಲೇ ತಿಳಿದಿತ್ತು. ಲೋಪವು ಸುಳ್ಳಲ್ಲ, ಲೋಪಕ್ಕೆ ಅಹಿಂಸೆಯೆಂದೋ ವಿವೇಕವೆಂದೋ ಬೇರೆ ಹೆಸರಿಟ್ಟಾಗ ಸುಳ್ಳು ಹುಟ್ಟುತ್ತದೆ. ಆದರೆ ಆ ಪ್ರಾರ್ಥನೆಯು ದೇವರಿಗೆ ಸಲ್ಲಬೇಕಾದದ್ದರಲ್ಲಿ ಬಂದ ಕೊರತೆಯನ್ನು ತುಂಬೀತು. ಮತ್ತೊಬ್ಬ ಮನುಷ್ಯನಿಗೆ ಸಲ್ಲಬೇಕಾದದ್ದನ್ನು ಅವನಿಗೇ ಸಲ್ಲಿಸಬೇಕು.

ಕಾಯುವುದು ನಮ್ಮ ತೆಂಗಿನ ಸೀಮೆಯವರಿಗೆ ಹುಟ್ಟುಗುಣ. ಹೊಂಬಾಳೆಯೊಡೆದ ಮೇಲೆ ಕಾಯಿ ಬಲಿಯುವುದಕ್ಕೆ ಸುಮಾರು ಒಂದು ವರ್ಷ. ಕೆಡವಿದಮೇಲೆ ಮಟ್ಟೆಯ ಸಮೇತ ಅಟ್ಟದಲ್ಲಿ ಎಂಟು ತಿಂಗಳಿಂದ ಒಂದು ವರ್ಷ. ಒಳಗಿನ ನೀರು ಇಂಗಿ, ಕೊಬ್ಬರಿಯು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದಾಗ ಒಳಗೇ ಸದ್ದುಮಾಡುವವರೆಗೆ ಯಾರೂ ಅವಸರಪಡುವುದಿಲ್ಲ. ಈ ತಾಳ್ಮೆಯನ್ನೇ ನೆಪಮಾಡಿಕೊಂಡು ನಾನು ಆಡಬೇಕಾದ ಮಾತನ್ನೂ ಮೂವತ್ತು ವರ್ಷ ಅಟ್ಟದಲ್ಲಿಟ್ಟೆನು. ಸದ್ದು ಕೇಳಿಸುತ್ತಿದ್ದರೂ ಇಳಿಸಲಿಲ್ಲ.

ಆದಕಾರಣ ಈ ಪರಾಭವ ಸಂವತ್ಸರಕ್ಕೆ ನನ್ನ ಸಂಕಲ್ಪವು ಒಂದೇ. ಚೈತ್ರಮಾಸದ ಮೊದಲನೆಯ ಭಾನುವಾರ ನಮ್ಮ ಅಟ್ಟದ ಕಾಯಿಗಳನ್ನು ಇಳಿಸಿ ಸುಲಿಯುವುದಕ್ಕೆ ಅವನು ತನ್ನ ಜೊತೆಯವರೊಡನೆ ಬರುತ್ತಾನೆ. ಸ್ಥಳವು ನಮ್ಮ ಹಿತ್ತಿಲು. ಹೊತ್ತು ಬೆಳಗಿನದು, ಕೆಲಸಕ್ಕೆ ತೊಡಗುವುದಕ್ಕೆ ಮುಂಚೆ. ಮೊದಲು ಅವನೊಬ್ಬನನ್ನೇ ಕರೆದು ನಡೆದದ್ದನ್ನು ಹೇಳುವೆನು. ಅವಮಾನವು ಎಲ್ಲರೆದುರಿಗೆ ಆದುದರಿಂದ ತಪ್ಪೊಪ್ಪಿಗೆಯೂ ಎಲ್ಲರೆದುರಿಗೆ ಆಗತಕ್ಕದ್ದು. ಆದರೆ ಅದು ಅವನಿಗೆ ಬೇಕೇ ಬೇಡವೇ ಎಂದು ಕೇಳುವೆನು. ಅಂದು ಅವನನ್ನು ಏನನ್ನೂ ಕೇಳದೆ ತರಗತಿಯ ಮುಂದೆ ನಿಲ್ಲಿಸಿದ್ದೆನು. ಈಗಲೂ ಕೇಳದೆ ನಿಲ್ಲಿಸಬಾರದು. ಕ್ಷಮೆಯನ್ನು ಫಲವಾಗಿ ಬಯಸುವುದಿಲ್ಲ; ಕೊಡುವುದೂ ಬಿಡುವುದೂ ಅವನಿಗೆ ಸೇರಿದ್ದು. ಕೋಪಿಸಿಕೊಂಡು ಹೊರಟುಹೋದರೆ ಕಾಯಿಗಳನ್ನು ಮತ್ತೊಂದು ದಿನ ಸುಲಿಸಬಹುದು.

ಬರೆದುಬಿಟ್ಟೆನೆಂಬ ತೃಪ್ತಿಯು ಮಾಡಿಬಿಟ್ಟೆನೆಂಬ ತೃಪ್ತಿಯ ಹಾಗೆಯೇ ಇರುವುದರಿಂದ, ಇನ್ನೊಂದು ಎಚ್ಚರಿಕೆಯನ್ನು ತೆಗೆದುಕೊಂಡಿದ್ದೇನೆ. ಈ ಲೇಖನವು ಆ ಭಾನುವಾರ ಕಳೆಯುವವರೆಗೆ ಅಮರಕೋಶದ ಹಾಳೆಗಳ ನಡುವೆಯೇ ಇರತಕ್ಕದ್ದು. ಹೇಳಬೇಕಾದವನಿಗೆ ಹೇಳಿದಮೇಲೆಯೇ ಸಂಪಾದಕರಿಗೆ ಕಳುಹಿಸುವೆನು.