ಹಿಂದಕ್ಕೆ ವಾಲುವವರು

ನನ್ನ ತಂಗಿಯ ಮಗಳು ಅಮೆರಿಕದ ಕೊಲೊರಾಡೊದಲ್ಲಿ ಚಳಿಗಾಲದ ಶನಿವಾರ, ಭಾನುವಾರ ಮಕ್ಕಳಿಗೆ ಸ್ಕೀ ಕಲಿಸುತ್ತಾಳೆ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಅಲ್ಲಿ ಸ್ಕೀ ಶಿಕ್ಷಕರ ಸಂಘವೊಂದು 1961ರಿಂದ ಇದೆ. ಅದು ಕೊಡುವ ಪ್ರಮಾಣಪತ್ರಕ್ಕೆ ಮೂರು ಹಂತ. ಎರಡನೆಯ ಹಂತಕ್ಕೆ ಅವಳು ಓದುತ್ತಿದ್ದಾಗ ನಾನು ಅವಳ ಮನೆಯಲ್ಲಿದ್ದೆ. “ದೊಡ್ಡಮ್ಮಾ, ನೀನು ಟೀಚರ್ ಅಲ್ವಾ, ಪ್ರಶ್ನೆ ಕೇಳು” ಎಂದು ಪುಸ್ತಕ ಕೈಗಿತ್ತಳು.

ಜಾರುವುದಕ್ಕೂ ಪಾಠವೇ ಎಂದು ನಕ್ಕೆ. ಓದುತ್ತ ಹೋದಂತೆ ನಗು ನಿಂತಿತು.

ಇಳಿಜಾರಿನಲ್ಲಿ ನಿಂತ ಹೊಸಬರಿಗೆ ಹೆದರಿಕೆ. ಹೆದರಿದ ದೇಹ ತಾನಾಗಿಯೇ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತದೆ. ವಾಲಿದೊಡನೆ ಭಾರವೆಲ್ಲ ಹಿಮ್ಮಡಿಗೆ ಬಿದ್ದು ಹಲಗೆಯ ಮುಂಭಾಗ ಹಗುರಾಗುತ್ತದೆ. ಆಮೇಲೆ ಅದು ಹೇಳಿದ ಮಾತು ಕೇಳುವುದಿಲ್ಲ. ಹಿಡಿತ ಬೇಕಾದರೆ ಪಾದದ ಕೀಲು, ಮಂಡಿ, ಸೊಂಟ ಮೂರನ್ನೂ ಬಗ್ಗಿಸಿ, ಕಾಲು ಬೂಟಿನ ಮುಂಭಾಗಕ್ಕೆ ತಾಗುವಂತೆ ಮುಂದಕ್ಕೆ ಬರಬೇಕು. ಎಂದರೆ, ಯಾವ ಇಳಿಜಾರಿಗೆ ಹೆದರಿದೆವೋ ಅದರ ಕಡೆಗೇ! ತಿರುವಿನಲ್ಲಿ ಭಾರ ಹೊರಗಿನ ಕಾಲಿಗೆ. ತಿರುಗಬೇಕಾದದ್ದು ಭುಜವಲ್ಲ, ಸೊಂಟದ ಕೀಲಿನಲ್ಲಿ ತೊಡೆಯ ಮೂಳೆ.

ಅವಳ ಬೂಟನ್ನು ಅಡುಗೆಮನೆಯಲ್ಲಿ ಹಾಕಿ ನೋಡಿದೆ. ಕಬ್ಬಿಣದಂತೆ ಗಟ್ಟಿ. ಸ್ವಲ್ಪ ಕೂರುವಂತೆ ಮಾಡಿದ್ದೇ ತಡ, ಹಿಂದಕ್ಕೆ ಹೋಗಿ ಕಟ್ಟೆ ಹಿಡಿದುಕೊಂಡೆ. ಐವತ್ತೇಳರ ಮಂಡಿ, ಅದೂ ಸೀರೆಯಲ್ಲಿ.

ಈ ಪರೀಕ್ಷೆಯಲ್ಲಿ ತಾನು ಚೆನ್ನಾಗಿ ಜಾರಿದರೆ ಮುಗಿಯಲಿಲ್ಲ. ಜಾರುವ ಇನ್ನೊಬ್ಬರನ್ನು ನೋಡಿ, ಕಂಡದ್ದೇನು, ಅದರ ಕಾರಣವೇನು, ಯಾವ ಚಲನೆಯನ್ನು ಬದಲಿಸಬೇಕು ಎಂದು ಹೇಳಬೇಕು. “ಹಿಂದಕ್ಕೆ ವಾಲುತ್ತಿದ್ದಾನೆ” ಎಂದಷ್ಟೇ ಅಂದರೆ ಸಾಲದು. ಪಾದದ ಕೀಲು ಬಗ್ಗುತ್ತಿಲ್ಲವೇ? ಬೂಟು ಸರಿಯಿಲ್ಲವೇ? ಅಥವಾ ಇಳಿಜಾರೇ ಅವನ ಅಳತೆಗೆ ಮೀರಿದ್ದೇ?

ಈ ಕೊನೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿದ್ದರೆ ಮುರಿಯುವುದು ಕಲಿಯುವವನ ಕಾಲು, ಕಲಿಸುವವರದಲ್ಲ. ಹಾಗಿರುವಾಗ “ಹೆದರಬೇಡ, ಮುಂದಕ್ಕೆ ವಾಲು” ಎನ್ನುವ ಹಕ್ಕು ನಮಗೆ ಎಲ್ಲಿಂದ ಬಂತು? ಅವಳನ್ನೇ ಕೇಳಿದೆ.

“ಹೆದರಿದವರಿಗೆ ಹಾಗೆ ಹೇಳೋದೇ ಇಲ್ಲ ದೊಡ್ಡಮ್ಮಾ. ಮೊದಲು ಸಣ್ಣ ಇಳಿಜಾರಿಗೆ ಕರ್ಕೊಂಡು ಹೋಗ್ತೀನಿ.”

ಎಷ್ಟೋ ವರ್ಷಗಳ ಹಿಂದೆ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದೆಂದರೆ ಎದ್ದು ನಿಂತು, ಪುಸ್ತಕವನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗುತ್ತಿದ್ದಳು. “ನೆಟ್ಟಗೆ ನಿಲ್ಲು” ಎನ್ನುತ್ತಿದ್ದೆ. ಅವಳ ಅಂಕಪಟ್ಟಿಯಲ್ಲಿ ಶ್ರದ್ಧೆ ಸಾಲದೆಂದು ಬರೆದವಳೂ ನಾನೇ, ಕೆಂಪು ಶಾಯಿಯಲ್ಲಿ. ಮರುವರ್ಷ ಅವಳು ಶಾಲೆ ಬಿಟ್ಟಳು. ಕಾರಣ ಬೇರೆಯೂ ಇದ್ದಿರಬಹುದು. ಆದರೆ ಅವಳಿಗೆ ಎರಡೇ ಸಾಲು ಕೊಡಬಹುದಿತ್ತು. ಕುಳಿತಲ್ಲೇ, ಪಕ್ಕದವಳ ಜೊತೆಯಲ್ಲಿ ಓದೆನ್ನಬಹುದಿತ್ತು.