ಅಪ್ಪ ರೂಪಿಸಿದ ಹುಡುಗನ ಸ್ವಂತಿಕೆ

ಮೂರನೇ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್, ಹನ್ನೆರಡಕ್ಕೆ ತರ್ಕಶಾಸ್ತ್ರ, ಹದಿಮೂರಕ್ಕೆ ಅರ್ಥಶಾಸ್ತ್ರ. 1806ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಜಾನ್ ಸ್ಟೂವರ್ಟ್ ಮಿಲ್‌ಗೆ ಮನೆಯೇ ಶಾಲೆ, ಅಪ್ಪ ಜೇಮ್ಸ್ ಮಿಲ್ ಮೇಷ್ಟ್ರು. ಭಾರತಕ್ಕೆ ಒಮ್ಮೆಯೂ ಕಾಲಿಡದೆ ಭಾರತದ ಇತಿಹಾಸವನ್ನು ಸಂಪುಟಗಟ್ಟಲೆ ಬರೆದ ಅದೇ ಜೇಮ್ಸ್ ಮಿಲ್. ಓರಗೆಯ ಹುಡುಗರ ಸಹವಾಸಕ್ಕೆ ಮಗನನ್ನು ಬಿಡಲಿಲ್ಲ; ತಾನು ಕಲಿತದ್ದನ್ನು ತಮ್ಮತಂಗಿಯರಿಗೆ ಹೇಳಿಕೊಡುವ ಹೊಣೆಯನ್ನೂ ಅವನ ಹೆಗಲಿಗೇ ಹೊರಿಸಿದ.

ಹೀಗೆ ಬೆಳೆದವನೇ 1859ರಲ್ಲಿ ‘ಆನ್ ಲಿಬರ್ಟಿ’ ಬರೆದು, ಅದರ ಮೂರನೇ ಅಧ್ಯಾಯವನ್ನು ಇಡಿಯಾಗಿ ಸ್ವಂತಿಕೆಗೆ ಮೀಸಲಿಟ್ಟ.

ಹದಿಹರೆಯದಲ್ಲಿ ಮಿಲ್ ಬಂಡೆದ್ದವನಲ್ಲ. ಅಪ್ಪನ ಗೆಳೆಯ ಜೆರೆಮಿ ಬೆಂಥಮ್‌ನ ವಿಚಾರಗಳನ್ನು ಹದಿನೈದರ ಆಸುಪಾಸಿನಲ್ಲಿ ಓದಿ, ಬದುಕಿಗೆ ಗುರಿ ಸಿಕ್ಕಿತೆಂದು ಹಿಗ್ಗಿದ. ಹೆಚ್ಚು ಜನರಿಗೆ ಹೆಚ್ಚು ಸುಖ ಸಿಗುವಂತೆ ಲೋಕವನ್ನು ತಿದ್ದುವುದೇ ಆ ಗುರಿ. 1823ರಲ್ಲಿ ಅಪ್ಪನಿದ್ದ ಈಸ್ಟ್ ಇಂಡಿಯಾ ಕಂಪನಿಯಲ್ಲೇ ಕೆಲಸಕ್ಕೆ ಸೇರಿದ. ಇಪ್ಪತ್ತು ತುಂಬಿದ ಮೇಲೆ, 1826ರಲ್ಲಿ, ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡ: ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣವೇ ಕೈಗೂಡಿದರೆ ನನಗೆ ಸಂತೋಷವಾದೀತೇ? ಇಲ್ಲವೆಂದಿತು ಮನಸ್ಸು. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಖಿನ್ನತೆ. ಕೆಲಸ ಯಾಂತ್ರಿಕವಾಗಿ ಸಾಗುತ್ತಿತ್ತು, ಅಪ್ಪನ ಹತ್ತಿರ ಹೇಳಿಕೊಳ್ಳುವುದಂತೂ ಸಾಧ್ಯವೇ ಇರಲಿಲ್ಲ. ಫ್ರೆಂಚ್ ಲೇಖಕ ಮಾರ್ಮಾಂಟೆಲ್‌ನ ನೆನಪುಗಳಲ್ಲಿ, ತಂದೆ ಸತ್ತಾಗ ಹುಡುಗನೊಬ್ಬ ಮನೆಯವರಿಗೆಲ್ಲ ತಾನೇ ಆಸರೆಯಾಗುತ್ತೇನೆಂದು ನಿಶ್ಚಯಿಸುವ ಪ್ರಸಂಗ ಓದುವಾಗ ಕಣ್ಣೀರು ಬಂತು. ತನ್ನೊಳಗೆ ಭಾವನೆ ಇನ್ನೂ ಸತ್ತಿಲ್ಲವೆಂದು ಸಮಾಧಾನವಾಯಿತು. (ತಂದೆಯ ಸಾವಿನ ಪ್ರಸಂಗವೇ ಏಕೆ ತಟ್ಟಿತೆಂದು ಮನಶ್ಶಾಸ್ತ್ರಜ್ಞರು ಬೇಕಾದಷ್ಟು ಊಹಿಸಿದ್ದಾರೆ.) 1828ರಲ್ಲಿ ವರ್ಡ್ಸ್‌ವರ್ತ್‌ನ ಕವಿತೆಗಳು ಕೈಹಿಡಿದವು. ಬೆಂಥಮ್‌ನ ಲೆಕ್ಕಾಚಾರದಲ್ಲಿ ಕಾವ್ಯಕ್ಕೆ ವಿಶೇಷ ಬೆಲೆ ಇರಲಿಲ್ಲ.

ಮಿಲ್ ಹೇಳುವ ಸ್ವಂತಿಕೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ರೂಢಿ ಒಳ್ಳೆಯದೇ ಇರಬಹುದು. ಆದರೆ ರೂಢಿ ಎಂಬ ಒಂದೇ ಕಾರಣಕ್ಕೆ ಅದನ್ನು ಪಾಲಿಸುವವನು ಏನನ್ನೂ ಆಯ್ದುಕೊಳ್ಳುತ್ತಿಲ್ಲ. ಗಮನಿಸುವ, ತೂಗಿ ನೋಡುವ, ತೀರ್ಮಾನಿಸುವ ಶಕ್ತಿಗಳು ಬಳಸಿದರಷ್ಟೇ ಬೆಳೆಯುತ್ತವೆ. ಹಾಗೆಂದು ಹಿರಿಯರ ಅನುಭವವನ್ನು ಆತ ತಳ್ಳಿಹಾಕಲಿಲ್ಲ. ಎಳೆಯರು ಅದನ್ನು ಕಲಿಯಲೇಬೇಕು, ಬಲಿತ ಮೇಲೆ ಅದರಲ್ಲಿ ತಮಗೆ ಸಲ್ಲುವುದೇನೆಂದು ತಾವೇ ನಿರ್ಧರಿಸಬೇಕು ಎಂಬುದು ಅವನ ನಿಲುವು.

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ ಅಪ್ಪಅಮ್ಮ ಕೊಟ್ಟ ಕಾರಣಗಳನ್ನು ತೂಗಿ ನೋಡಿ, ಒಪ್ಪಿಗೆಯಾಗಿ ಸೈನ್ಸ್ ತೆಗೆದುಕೊಂಡರೆ ಆ ಆಯ್ಕೆ ಅವಳದೇ. ಗೆಳತಿಯರೆಲ್ಲ ಆರ್ಟ್ಸ್ ಸೇರಿದರೆಂದು ಮನೆಯಲ್ಲಿ ಜಗಳವಾಡಿ ತಾನೂ ಸೇರಿದವಳದು ಬಂಡಾಯದಂತೆ ಕಂಡರೂ ಎರವಲು.

ಗುಂಪಿನ ಸೆಳೆತ ಸಣ್ಣದಲ್ಲ. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಕಾಲೇಜು ಹುಡುಗರ ಮುಂದೆ ಗೆರೆಗಳನ್ನಿಟ್ಟು, ಯಾವುದು ಯಾವುದಕ್ಕೆ ಸಮವೆಂದು ಕೇಳಿದ. ಜೊತೆಗಿದ್ದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳಿದಾಗ, ಪರೀಕ್ಷೆಗೆ ಒಳಗಾದವರ ಉತ್ತರಗಳಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಆ ತಪ್ಪನ್ನೇ ಅನುಸರಿಸಿದವು. ಆದರೆ ಸುಮಾರು ಕಾಲು ಭಾಗದಷ್ಟು ಹುಡುಗರು ಒಮ್ಮೆಯೂ ಬಾಗಲಿಲ್ಲ.

ಇಂಥ ಒತ್ತಡದ ಕಾಲದಲ್ಲಿ ಸುಮ್ಮನೆ ಬೇರೆಯಾಗಿ ಬದುಕುವುದೂ ಒಂದು ಸೇವೆ ಎಂದು ಮಿಲ್ ಬರೆದ. ಇದು ಅತಿಯಾಯಿತು, ಬೇರೆಯಾಗಿ ಕಾಣುವುದೇ ಗುರಿಯಾದರೆ ಕಣ್ಣು ಮತ್ತೆ ಗುಂಪಿನ ಮೇಲೆಯೇ ಇರುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೂ ಇದೆ. ತನ್ನ ಸ್ವಾತಂತ್ರ್ಯದ ಸೂತ್ರದಿಂದ ಆತ ಅಪ್ರಾಪ್ತ ವಯಸ್ಕರನ್ನು ಹೊರಗಿಟ್ಟ, ‘ಹಿಂದುಳಿದ’ ಸಮಾಜಗಳನ್ನೂ ಹೊರಗಿಟ್ಟ. 1858ರವರೆಗೆ ಕಂಪನಿಯ ಸಂಬಳ ಪಡೆದವನ ಮನಸ್ಸಿನಲ್ಲಿ ಆ ಸಮಾಜಗಳ ಪಟ್ಟಿಯಲ್ಲಿ ಭಾರತವೂ ಇತ್ತು. ಎಲ್ಲವನ್ನೂ ಪ್ರಶ್ನಿಸಿ ನೋಡೆಂದವನು ತನ್ನ ಕಚೇರಿಯ ನಂಬಿಕೆಯನ್ನು ಅಷ್ಟಾಗಿ ಪ್ರಶ್ನಿಸಲಿಲ್ಲ.

ಮಿಲ್ ತೀರಿಕೊಂಡ ವರ್ಷವೇ, 1873ರಲ್ಲಿ, ಅವನ ಆತ್ಮಕಥೆ ಪ್ರಕಟವಾಯಿತು. ಇಪ್ಪತ್ತರ ಆ ಬಿಕ್ಕಟ್ಟಿನ ಕಥೆ ಐದನೇ ಅಧ್ಯಾಯದಲ್ಲಿದೆ. ಹದಿನಾರು ಹದಿನೇಳರ ಓದುಗರು ಮೊದಲ ನಾಲ್ಕನ್ನು ದಾಟಿ ನೇರ ಅಲ್ಲಿಂದಲೇ ಶುರುಮಾಡಬಹುದು.