ಮೊದಲು ಬಂದವರ ಗೌರವ, ನಂತರ ಬಂದವರ ಹೊಣೆ

ಒಂದು ಗುಡಿ ಯಾರದು ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಗಮನ ಅಡಿಪಾಯದ ಕಡೆಗೇ ಹರಿಯುತ್ತದೆ. ಮೊದಲ ಕಲ್ಲು ಇಟ್ಟವರು ಯಾರೆಂದು ತಿಳಿದರೆ ಸಾಕು, ಉಳಿದದ್ದೆಲ್ಲ ತೀರ್ಮಾನವಾದಂತೆಯೇ ಎಂದು ಕೆಲವರು ನಂಬುತ್ತಾರೆ. ಇಂದು ದೀಪ ಹಚ್ಚುವವರದೇ ಗುಡಿ, ಸತ್ತವರ ಲೆಕ್ಕ ಏಕೆ ಎಂದು ಬೇರೆ ಕೆಲವರು ಕೇಳುತ್ತಾರೆ. ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡು ನಿಲುವುಗಳ ಹಿಂದೆ ಒಂದೇ ನಂಬಿಕೆಯಿದೆ: ಪವಿತ್ರ ಕಟ್ಟಡಕ್ಕೆ ಒಂದೇ ಒಂದು ನಿಜವಾದ ಕಾಲವಿರುತ್ತದೆ, ಅದು ಮೊದಲಿನದು ಇಲ್ಲವೆ ಕೊನೆಯದು. ಭಂಕೂರು, ಶಹಾಬಾದ, ಚಿತ್ತಾಪುರದ ಸುತ್ತಲಿನ ನೆಲ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಇಲ್ಲಿನ ಕಲ್ಲುಗಳು ಕೊಡುವ ಸಾಕ್ಷ್ಯವನ್ನು ಹಿಡಿದು ಹೊರಟರೆ ಬೇರೊಂದು ಮಾತಿಗೆ ಬರುತ್ತೇವೆ. ಮೊದಲು ಕಟ್ಟಿದವರಿಗೆ ಸಲ್ಲಬೇಕಾದದ್ದು ಗೌರವ, ಒಡೆತನವಲ್ಲ. ಈಗ ಪೂಜಿಸುವವರಿಗೆ ಇರುವುದು ಹಕ್ಕಿನ ಜೊತೆಗೆ ಬಂದ ಹೊಣೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನೇ ನೋಡಬಹುದು. ಭೀಮಾ ದಂಡೆಯ ಈ ಊರು ಚಂದ್ರಲಾಂಬೆಯ ಕ್ಷೇತ್ರ. ಅನೇಕ ಮನೆತನಗಳಿಗೆ ಆಕೆ ಕುಲದೇವತೆ. 1980ರ ದಶಕದ ಉತ್ತರಾರ್ಧದಲ್ಲಿ ಅದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳಿರುವುದು ಆಗ ಬೆಳಕಿಗೆ ಬಂತು. ಅದು ಅಶೋಕನ ಶಾಸನ. ಒಂದು ಮುಖದಲ್ಲಿ 12 ಮತ್ತು 14ನೆಯ ಬಂಡೆಶಾಸನಗಳ ಪಾಠ, ಇನ್ನೊಂದು ಮುಖದಲ್ಲಿ ಅದುವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ ಪ್ರತ್ಯೇಕ ಶಾಸನಗಳ ಪಾಠ. ವಿಗ್ರಹ ನಿಲ್ಲಿಸಲು ನಡುವೆ ಕೊರೆದ ಕುಳಿಯಲ್ಲಿ ಕೆಲವು ಸಾಲುಗಳ ಅಕ್ಷರಗಳು ಹೋಗಿವೆ. 12ನೆಯ ಶಾಸನದ ತಾತ್ಪರ್ಯ ನಮಗೆ ಗೊತ್ತಿದೆ: ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡಿಕೊಳ್ಳುತ್ತಾನೆ. ಪರಪಂಥವನ್ನು ಗೌರವಿಸಿ ಎಂದು ಹೇಳಿದ ಕಲ್ಲು ಮತ್ತೊಂದು ಪಂಥದ ದೇವತೆಗೆ ಪೀಠವಾಯಿತು. ಇದನ್ನು ಅಶೋಕನ ಸೋಲು ಎನ್ನಬೇಕೋ, ಕಾಳಿಯ ಅಪರಾಧ ಎನ್ನಬೇಕೋ? ಎರಡೂ ಅವಸರದ ಮಾತು. ಬ್ರಾಹ್ಮಿಯನ್ನು ಓದುವ ಬಗೆ ಜನರ ನೆನಪಿನಿಂದ ಪೂರ್ತಿ ಅಳಿಸಿಹೋಗಿತ್ತು. ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ್ದು 1837ರಲ್ಲಿ. ಕುಳಿ ಕೊರೆದ ಕೈಗೆ ಅಲ್ಲಿ ಏನು ಬರೆದಿದೆ ಎಂದು ತಿಳಿದಿರುವ ಸಂಭವ ತೀರ ಕಡಿಮೆ. ಅವರು ದೊರೆತ ಗಟ್ಟಿ ಕಲ್ಲೊಂದನ್ನು ದೇವಿಯ ಪಾದಕ್ಕೆ ಒಪ್ಪಿಸಿದರು.

ಸನ್ನತಿಗೆ ಕೂಗಳತೆಯಲ್ಲಿರುವ ಕನಗನಹಳ್ಳಿಯ ಸ್ತೂಪ ಇನ್ನೂ ವಿವರವಾದ ಸಾಕ್ಷಿ. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಹೊರಬಂದ ಈ ಸ್ತೂಪವನ್ನು ಅಲ್ಲಿನ ಶಾಸನಗಳು ಅಧೋಲೋಕ ಮಹಾಚೈತ್ಯ ಎಂದು ಕರೆಯುತ್ತವೆ. ಅದರ ಹೊದಿಕೆಯ ಹಲಗೆಗಳು ಸುಣ್ಣಕಲ್ಲಿನವು. ಇಂದಿಗೂ ಶಹಾಬಾದಿನ ಸುತ್ತ ಫರಸಿಯಾಗಿ ಏಳುವ ಭೀಮಾ ಕಣಿವೆಯ ಕಲ್ಲಿನ ಬಳಗ. ಈ ಸ್ತೂಪ ಒಬ್ಬ ದೊರೆಯ ಒಂದು ಸಂಕಲ್ಪದಲ್ಲಿ ಎದ್ದದ್ದಲ್ಲ. ಒಂದು ಹಲಗೆಯ ಬರಹ ಶಾತವಾಹನ ಚಿಮುಕನ ಆಳ್ವಿಕೆಯ 16ನೆಯ ವರ್ಷವನ್ನು ಹೇಳಿದರೆ, ಮತ್ತೊಂದು ಅದೇ ವಂಶದ ಬಹಳ ನಂತರದ ದೊರೆ ಪುಳುಮಾವಿಯ 35ನೆಯ ವರ್ಷವನ್ನು ಹೇಳುತ್ತದೆ. ಬುದ್ಧನನ್ನು ಬರಿದಾದ ಪೀಠ, ಪಾದ, ಧರ್ಮಚಕ್ರಗಳಿಂದಷ್ಟೇ ಸೂಚಿಸುವ ಹಲಗೆಗಳಿವೆ. ಅವುಗಳ ನಂತರದ ಕಾಲದ, ಮನುಷ್ಯರೂಪದ ಬುದ್ಧನ ಮೂರ್ತಿಗಳೂ ಇವೆ. ಅಕ್ಷರದ ಮಾಟ, ಕೆತ್ತನೆಯ ಶೈಲಿ, ಹಲಗೆಗಳ ಜೋಡಣೆಯನ್ನು ಹಿಡಿದು ಕಟ್ಟಣೆಯ ಹಂತಗಳನ್ನು ಬೇರ್ಪಡಿಸುತ್ತ ಹೋದಂತೆ, ಭಕ್ತಿಯ ಕಲ್ಪನೆಯೇ ತಲೆಮಾರಿನಿಂದ ತಲೆಮಾರಿಗೆ ಬದಲಾದದ್ದು ಕಾಣುತ್ತದೆ. ಕೊಟ್ಟವರಲ್ಲಿ ಭಿಕ್ಷು ಭಿಕ್ಷುಣಿಯರಿದ್ದಾರೆ, ಗೃಹಸ್ಥರಿದ್ದಾರೆ. ಅಶೋಕನ ಹೆಸರು ಬರೆದ ಪ್ರಸಿದ್ಧ ಉಬ್ಬುಶಿಲ್ಪವೂ ಅವನು ತೀರಿಕೊಂಡು ಶತಮಾನಗಳಾದ ಮೇಲೆ ಕೆತ್ತಿದ್ದು. ಹಾಗಾದರೆ ಇವುಗಳಲ್ಲಿ ನಿಜವಾದ ಸ್ತೂಪ ಯಾವುದು? ಮೂರ್ತಿಯಿಲ್ಲದ ಕಾಲದ್ದೋ, ಮೂರ್ತಿ ಬಂದ ಕಾಲದ್ದೋ?

ಬೌದ್ಧ ಚಿಂತನೆಯೇ ಈ ಪ್ರಶ್ನೆಗೆ ದಾರಿ ತೋರಿಸುತ್ತದೆ. ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಹೇಳಿದ್ದು ಇದನ್ನೇ: ರಥವೆಂಬುದು ಗಾಲಿಯಲ್ಲಿಲ್ಲ, ಅಚ್ಚಿನಲ್ಲಿಲ್ಲ, ನೊಗದಲ್ಲಿಲ್ಲ, ಅವೆಲ್ಲದರ ಹೊಂದಾಣಿಕೆಗೆ ನಾವಿಟ್ಟ ಹೆಸರು ಅದು. ಪವಿತ್ರ ಕಟ್ಟಡದ ಭಾಗಗಳು ಒಂದೇ ಕಾಲದವಲ್ಲವಾದ್ದರಿಂದ ಈ ಮಾತು ಅದಕ್ಕೆ ಇನ್ನೂ ಗಾಢವಾಗಿ ಹೊಂದುತ್ತದೆ. ಫ್ರಾನ್ಸಿನ ಹಳ್ಳಿಗಳ ಎಷ್ಟೋ ಚರ್ಚುಗಳಲ್ಲಿ 12ನೆಯ ಶತಮಾನದ ದುಂಡು ಕಮಾನಿನ ಪಕ್ಕದಲ್ಲೇ ನಂತರದವರ ಮೊನೆಗಮಾನು ನಿಂತಿದೆ. 19ನೆಯ ಶತಮಾನದಲ್ಲಿ ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ, ಕಟ್ಟಡವನ್ನು ಯಾವ ಕಾಲದಲ್ಲೂ ಇಲ್ಲದೇ ಇದ್ದಿರಬಹುದಾದಂಥ ಪೂರ್ಣ ಸ್ಥಿತಿಗೆ ತರುವುದೇ ಜೀರ್ಣೋದ್ಧಾರ ಎಂದು ವಾದಿಸಿದ. ಪ್ಯಾರಿಸಿನ ನೋತ್ರ್ ದಾಮ್‌ಗೆ ತನ್ನದೇ ಶಿಖರವನ್ನು ಏರಿಸಿದ. 2019ರ ಬೆಂಕಿಯಲ್ಲಿ ಆ ಶಿಖರ ಉರುಳಿದಾಗ ಅದನ್ನು ಮತ್ತೆ ಹಾಗೆಯೇ ಕಟ್ಟಿದರು. ಮಧ್ಯಯುಗದ್ದಲ್ಲದ ಪದರವೂ ಅಷ್ಟರಲ್ಲಿ ಆ ಚರ್ಚಿನ ಬಾಳಿನ ಪಾಲಾಗಿತ್ತು. ಎಲ್ಲ ಕಾಲಗಳ ಕೊಡುಗೆಯನ್ನೂ ಗೌರವಿಸಬೇಕೆಂದು 1964ರ ವೆನಿಸ್ ಸನ್ನದು ಹೇಳುವುದು ಇದೇ ಅರಿವಿನಿಂದ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಎಲ್ಲ ಪದರಗಳೂ ಸಮಾನವಾದರೆ ಒಡೆದು ಕಟ್ಟಿದ್ದಕ್ಕೂ ಒಪ್ಪಿಗೆ ಸಿಕ್ಕಂತಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆದರೆ ಹಂತಗಳನ್ನು ಗುರುತಿಸುವುದೆಂದರೆ ಎಲ್ಲಕ್ಕೂ ಒಂದೇ ತೂಕ ಕೊಡುವುದಲ್ಲ. ಪಾಳುಬಿದ್ದ ಜಾಗದ ಕಲ್ಲನ್ನು ಎತ್ತಿ ತಂದದ್ದಕ್ಕೂ ಪೂಜೆ ನಡೆಯುತ್ತಿದ್ದ ಜಾಗವನ್ನು ಕೆಡವಿದ್ದಕ್ಕೂ ಅಜಗಜಾಂತರವಿದೆ. ಆ ಅಂತರವನ್ನು ತೋರಿಸಬಲ್ಲದ್ದೇ ಎಚ್ಚರದ ಅಧ್ಯಯನ. ಬಲಾತ್ಕಾರ ನಡೆದಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಬೇಕು. ಹಾಗೆಂದು, ಕೆಡವಿದವರೂ ನೊಂದವರೂ ಇಲ್ಲವಾದ ಮೇಲೆ ಅಲ್ಲಿ ಪ್ರಾರ್ಥಿಸುತ್ತ ಬಂದ ಹಲವು ತಲೆಮಾರುಗಳನ್ನು ಅಳಿಸಿಹಾಕುವುದು ಪರಿಹಾರವಾಗದು, ಹೊಸದೊಂದು ಅಳಿಸುವಿಕೆಯಷ್ಟೇ ಆಗುತ್ತದೆ. 1991ರ ಪೂಜಾಸ್ಥಳಗಳ ಕಾಯಿದೆ 1947ರ ಆಗಸ್ಟ್ 15ರ ಸ್ಥಿತಿಯನ್ನು ಕಾಯಲು ಹೇಳಿತು. ಕಾನೂನು ಜಗಳಕ್ಕೆ ಗಡಿ ಹಾಕಬಲ್ಲದು. ಆ ಗಡಿಯೊಳಗೆ ಸತ್ಯವನ್ನು ಒಪ್ಪಿಕೊಳ್ಳುವ ಧೈರ್ಯವನ್ನು ಮಾತ್ರ ನಾವೇ ತಂದುಕೊಳ್ಳಬೇಕು.

ಇನ್ನೊಂದು ಆಕ್ಷೇಪ ಭಕ್ತರದು. ಗುಡಿ ವಸ್ತುಸಂಗ್ರಹಾಲಯವಲ್ಲ, ಸೋರುವ ಚಾವಣಿಯನ್ನು ಸರಿಪಡಿಸಬೇಡವೇ ಎಂದು ಅವರು ಕೇಳುತ್ತಾರೆ. ಬೇಕು; ಹಿಂದಿನವರೂ ಅದನ್ನೇ ಮಾಡಿದರು. ದೇಹವೇ ದೇಗುಲವೆಂದ ಶರಣರ ನಾಡಿನಲ್ಲಿ ಕಲ್ಲಿಗೆ ಇಷ್ಟು ಮಹತ್ವ ಏಕೆ ಎಂದೂ ಕೇಳಬಹುದು. ಕಲ್ಲು ದೇವರೆಂದಲ್ಲ, ಕಲ್ಲಿನ ಮೇಲೆ ಬೇರೆಯವರ ಶ್ರಮ ಮತ್ತು ಮಾತು ಉಳಿದಿದೆ ಎಂಬುದಕ್ಕಾಗಿ. ಚಿತ್ತಾಪುರದ ಪಕ್ಕದ ನಾಗಾವಿ ಇಂದು ಎಲ್ಲಮ್ಮನ ಊರಾಗಿ ಪ್ರಸಿದ್ಧ. ಅಲ್ಲಿನ 1058ರ ಶಾಸನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವೊಂದರ ಉಪಾಧ್ಯಾಯರ, ವಿದ್ಯಾರ್ಥಿಗಳ, ಆರು ಮಂದಿ ಸರಸ್ವತೀ ಭಂಡಾರಿಗರ (ಗ್ರಂಥಪಾಲಕರ) ವ್ಯವಸ್ಥೆಯನ್ನು ದಾಖಲಿಸಿದೆ. ಆ ಬರಹದ ಮೇಲೆ ಸಿಮೆಂಟು ಬಳಿದರೆ ಎಲ್ಲಮ್ಮನ ಮಹಿಮೆ ಹೆಚ್ಚುವುದಿಲ್ಲ, ಊರಿನ ವಿದ್ಯೆಯ ನೆನಪಷ್ಟೇ ಹೋಗುತ್ತದೆ.

ಕಾಳಿಯ ಪೀಠಕ್ಕೆ ಕುಳಿ ಕೊರೆದವರಿಗಿದ್ದ ಕ್ಷಮೆ ನಮಗಿಲ್ಲ. ಅವರಿಗೆ ಆ ಅಕ್ಷರ ಬರುತ್ತಿರಲಿಲ್ಲ, ನಮಗೆ ಬರುತ್ತದೆ. ತಿಳಿವಳಿಕೆ ಬಂದ ಕ್ಷಣದಿಂದ ಅಜ್ಞಾನದ ನೆಪ ಮುಗಿಯುತ್ತದೆ. ಕನಗನಹಳ್ಳಿಯಲ್ಲಿ ವರ್ಷಗಟ್ಟಲೆ ಬಿಡಿಬಿಡಿಯಾಗಿ ಬಿದ್ದಿದ್ದ ಹಲಗೆಗಳನ್ನು ಜೋಡಿಸುವ ಕೆಲಸ 2022ರಲ್ಲಿ ಶುರುವಾಯಿತು. ಅಲ್ಲಿಯೂ ಯಾವುದು ಹಳೆಯದು, ಯಾವುದು ಹೊಸದಾಗಿ ಸೇರಿದ್ದು ಎಂದು ಬಂದವರಿಗೆ ತಿಳಿಯುವಂತಿರಬೇಕು. ಸೇಡಂ, ಚಿಂಚೋಳಿ, ಚಿತ್ತಾಪುರದ ಪ್ರತಿ ಹಳ್ಳಿಯ ಜೀರ್ಣೋದ್ಧಾರ ಸಮಿತಿಯೂ ಗೋಡೆ ಇಳಿಸುವ ಮುನ್ನ ಫೋಟೊ ತೆಗೆಯಲಿ, ಅಕ್ಷರ ಕಂಡ ಕಲ್ಲನ್ನು ಬಲ್ಲವರಿಗೆ ತೋರಿಸಲಿ, ತಾನು ಸೇರಿಸಿದ್ದರ ಮೇಲೆ ಇಸವಿ ಕೊರೆಯಲಿ. ಇದರಿಂದ ಪೂಜೆಗೆ ಯಾವ ಭಂಗವೂ ಇಲ್ಲ. ನಮಗಿಂತ ಮೊದಲು ಇಲ್ಲಿ ಬೇರೆಯವರು ಕೈ ಮುಗಿದಿದ್ದರು, ನಮ್ಮ ನಂತರವೂ ಮುಗಿಯುವರು ಎಂದು ಒಪ್ಪಿಕೊಳ್ಳುವುದೂ ಭಕ್ತಿಯೇ. ಒಡೆತನದ ಹಟಕ್ಕಿಂತ ಅದು ಹಿರಿದಾದ ಭಕ್ತಿ.